ಒಲೆ ಹೊರಗಿರಲಿ, ಬಚ್ಚಲು ಒಳಗಿರಲಿ

ನಿವೃತ್ತರಾದ ಗಂಡಸರು ಮೂವರು ಒಂದು ಕಟ್ಟೆಯ ಮೇಲೆ ಕುಳಿತರೆ ಮೊದಲು ಪಿಂಚಣಿಯ ಮಾತು, ಅನಂತರ ಸಕ್ಕರೆ ಕಾಯಿಲೆಯ ಮಾತು. ಇದು ಬಹುಕಾಲದ ರೂಢಿ. ಈಚೆಗೆ ಅದಕ್ಕೆ ಮೂರನೆಯ ಮಾತೊಂದು ಸೇರಿಕೊಂಡಿದೆ. ಒಳಗೇ ಮಲಗಿ, ಒಳಗೇ ಉಂಡು, ಊರೂರು ತಿರುಗಬಹುದಾದ ಪುಟ್ಟ ಮನೆಗಾಡಿ, ಅಂದರೆ ಕ್ಯಾಂಪರ್ ವ್ಯಾನ್. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಚದುರಿಹೋಗಿರುವ ನನ್ನ ಹಳೆಯ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಈ ಹುಚ್ಚು ಚೆನ್ನಾಗಿಯೇ ಹಿಡಿದಿದೆ. ಸಿಕ್ಕಲ್ಲೆಲ್ಲ ಮೊಬೈಲ್ ತೆಗೆದು ಚಿತ್ರ ತೋರಿಸುತ್ತಾರೆ. ಇಷ್ಟು ಜನ ಮಲಗಬಹುದು, ಇಲ್ಲಿ ಟಿ.ವಿ., ಇಲ್ಲಿ ಫ್ರಿಜ್ಜು, ಮೇಲೆ ಸೌರ ಫಲಕ. ನಾನೂ ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ನೋಡಿ, ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ: "ಸಂಡಾಸ ಎಲ್ಲಿ ಐತಿ?"

ಅಲ್ಲಿಗೆ ಒಂದು ನಗೆ. "ದಾರ್ಯಾಗ ಪೆಟ್ರೋಲ್ ಪಂಪ್ ಇರ್ತಾವಲ್ಲರೀ ಅಕ್ಕೋರ!"

ಆ ನಗೆಯ ವಿರುದ್ಧವೇ ಈ ಲೇಖನ. ಓದುಗರು ಕ್ಷಮಿಸಬೇಕು, ಇದರಲ್ಲಿ ಶೌಚದ ಮಾತು ಮತ್ತೆ ಮತ್ತೆ ಬರುತ್ತದೆ. ಮೂರು ದಶಕಗಳ ಕಾಲ ಹೈಸ್ಕೂಲಿನಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸಿದವಳಿಗೆ ಜೀರ್ಣಾಂಗ, ವಿಸರ್ಜನಾಂಗಗಳ ಪಾಠ ಮಾಡುವಾಗ ಇಲ್ಲದ ಸಂಕೋಚ ಈಗೇಕೆ ಬರಬೇಕು?

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕ ಮನೆಗಾಡಿಯನ್ನು ಆರಿಸುವವರು ಮೊದಲು ಬಚ್ಚಲಿಗೆ ಜಾಗ ಗೊತ್ತುಮಾಡಬೇಕು. ಹಾಸಿಗೆ, ಒಲೆ, ಕಪಾಟುಗಳೆಲ್ಲ ಉಳಿದ ಜಾಗದಲ್ಲಿ ಹೊಂದಿಕೊಳ್ಳಬೇಕು. ಈಗ ನಡೆಯುತ್ತಿರುವುದು ಇದಕ್ಕೆ ತೀರ ವಿರುದ್ಧ. ಎಲ್ಲವನ್ನೂ ತುಂಬಿದ ಮೇಲೆ ಮೂಲೆಯೊಂದು ಉಳಿದರೆ ಬಚ್ಚಲು, ಉಳಿಯದಿದ್ದರೆ ಪೆಟ್ರೋಲ್ ಪಂಪು. ಗಾಡಿಯನ್ನು ಆರಿಸುವವರು ಗಂಡಸರು, ಆ ಆಯ್ಕೆಯ ಫಲವನ್ನು ಹೊಟ್ಟೆ ಬಿಗಿಹಿಡಿದು ಅನುಭವಿಸುವವರು ಹೆಂಗಸರು. ವಿಷಯದ ಬೇರು ಇರುವುದೇ ಇಲ್ಲಿ.

ಮನೆಗಾಡಿಯೆಂಬುದು ನಮಗೇನೂ ಹೊಸದಲ್ಲ. ಮಾಘ ಮಾಸ ಬಂತೆಂದರೆ ಚಿಂಚಲಿಯ ಮಾಯಕ್ಕನ ಜಾತ್ರೆಗೆ, ಭರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳು ಸಾಲುಗಟ್ಟಿ ಹೊರಡುತ್ತಿದ್ದುದನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದೇವೆ. ಆ ಚಕ್ಕಡಿಯೊಳಗಿನ ವ್ಯವಸ್ಥೆಯನ್ನು ನೆನಪಿಸಿಕೊಳ್ಳಿ. ತಳಕ್ಕೆ ಹುಲ್ಲು, ಹುಲ್ಲಿನ ಮೇಲೆ ಜಮಖಾನೆ, ಅದರ ಮೇಲೆ ಕೌದಿ. ಅದೇ ಆಸನ, ಅದೇ ಹಾಸಿಗೆ. ಬಿದಿರ ಕಮಾನಿಗೆ ಹೊದಿಸಿದ ಚಾಪೆಯೇ ಮಾಳಿಗೆ. ಅಚ್ಚಿನ ಕೆಳಗೆ ತೂಗುವ ಕಂದೀಲು. ಮೂಲೆಯಲ್ಲಿ ಬುತ್ತಿಯ ಗಂಟು: ಕಟಕು ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಬಿಸಿ ಅಡುಗೆ ಬೇಕೆಂದರೆ ಗಿಡದ ನೆರಳಿಗೆ ಗಾಡಿ ಬಿಟ್ಟು ಮೂರು ಕಲ್ಲು ಹೂಡಿದರಾಯಿತು. ಒಲೆ ಎಂದೂ ಗಾಡಿಯ ಒಳಗಿರಲಿಲ್ಲ.

ಬಚ್ಚಲೂ ಇರಲಿಲ್ಲವಲ್ಲ ಎಂದು ನೀವು ಕೇಳುತ್ತೀರಿ. ಇರಲಿಲ್ಲ. ಆದರೆ ಬಯಲಿತ್ತು, ಕತ್ತಲಿತ್ತು, ಹತ್ತು ಚಕ್ಕಡಿಗಳ ಹೆಣ್ಣುಮಕ್ಕಳು ಒಟ್ಟಿಗೆ ಚರಿಗೆ ಹಿಡಿದು ಹೋಗುವ ಧೈರ್ಯವಿತ್ತು. ಆ ಕಾಲ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಬೆಳಕು ಹರಿಯುವ ಮುನ್ನ ಹೋಗಬೇಕು, ಹರಿದರೆ ಮತ್ತೆ ಸಂಜೆಯವರೆಗೆ ತಡೆಯಬೇಕು ಎಂಬ ಶಿಸ್ತಿನಲ್ಲಿ ನಮ್ಮ ತಾಯಂದಿರು ಬಾಳಿದರು; ಅದನ್ನು ಹಾಡಿ ಹೊಗಳುವವರಲ್ಲಿ ಆ ಶಿಸ್ತಿಗೆ ಒಳಗಾದವರು ಯಾರೂ ಇಲ್ಲ. ಇಂದು ಆ ಬಯಲೂ ಇಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯ ನಮ್ಮ ಸೀಮೆಯಲ್ಲಿ ರಸ್ತೆಯ ಎರಡೂ ಬದಿಗೆ ಕಬ್ಬು, ಕಬ್ಬು ಮುಗಿದಲ್ಲಿ ತಂತಿಬೇಲಿ, ಬೇಲಿ ಮುಗಿದಲ್ಲಿ ಅಂಗಡಿ, ಅಂಗಡಿಯ ಮುಂದೆ ವಿದ್ಯುದ್ದೀಪ. ಗಂಡಸು ಗಾಡಿ ನಿಲ್ಲಿಸಿ ಕಬ್ಬಿನ ಕಡೆಗೆ ಮುಖ ಮಾಡಿ ನಿಲ್ಲುತ್ತಾನೆ, ಒಂದು ನಿಮಿಷದಲ್ಲಿ ಹಗುರಾಗಿ ಬರುತ್ತಾನೆ. ಬಂದವನು ಸೀಟಿನಲ್ಲಿ ಕುಳಿತು, "ನಿಮಗೇನರ ಹೋಗೂದೈತೇನು?" ಎಂದು ವಿಚಾರಿಸುತ್ತಾನೆ. ಎಲ್ಲಿಗೆ ಹೋಗಬೇಕಪ್ಪಾ?

ಶಾಲೆಯ ಮಕ್ಕಳನ್ನು ವಿಜಾಪುರಕ್ಕೆ, ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಪ್ರವಾಸ ಕರೆದೊಯ್ದ ದಿನಗಳಲ್ಲಿ ನಾನು ಒಂದು ಸಂಗತಿಯನ್ನು ಪ್ರತಿ ಸಲವೂ ಗಮನಿಸುತ್ತಿದ್ದೆ. ಹುಡುಗರ ನೀರಿನ ಬಾಟಲಿಗಳು ಗೋಳಗುಮ್ಮಟ ಮುಟ್ಟುವ ಮೊದಲೇ ಬರಿದಾಗಿರುತ್ತಿದ್ದವು. ಹುಡುಗಿಯರ ಬಾಟಲಿಗಳು ರಾತ್ರಿ ಊರು ಸೇರುವಾಗಲೂ ತುಂಬಿಯೇ ಇರುತ್ತಿದ್ದವು. ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ. ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಅವರಿಗೆ ಅದು ತಾನಾಗಿ ಗೊತ್ತಾಗಿಬಿಟ್ಟಿರುತ್ತಿತ್ತು: ಪ್ರಯಾಣವೆಂದರೆ ನೀರು ಕುಡಿಯಬಾರದು. ಅದೇ ಹುಡುಗಿಯರು ಈಗ ಮಧ್ಯವಯಸ್ಸಿನವರು. ಮಿರಜಕ್ಕೆ ಆಸ್ಪತ್ರೆಗೆ ಹೋಗುವಾಗಲೂ, ಪಂಢರಪುರಕ್ಕೆ ಏಕಾದಶಿಗೆ ಹೋಗುವಾಗಲೂ ಅವರ ಗಂಟಲು ಒಣಗಿಯೇ ಇರುತ್ತದೆ. ನೀರು ಕುಡಿಯದೆ, ಮೂತ್ರ ತಡೆದುಕೊಂಡಿದ್ದರೆ ಸೋಂಕು ತಗಲುವುದು ಸುಲಭವೆಂಬುದನ್ನು ಯಾವ ವೈದ್ಯರಾದರೂ ಹೇಳಿಯಾರು. ಅರವತ್ತು ದಾಟಿದ ಮೇಲೆ ಗಂಡಸರಿಗೂ ಈ ಕಷ್ಟ ತಪ್ಪಿದ್ದಲ್ಲ. ಪ್ರಾಸ್ಟೇಟ್ ಗ್ರಂಥಿ ದಪ್ಪಗಾದವರಿಗೆ, ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರಿಗೆ ಗಂಟೆಗೊಮ್ಮೆ ಏಳುವ ಬವಣೆ ಗೊತ್ತು. ಅವರೂ ಆ ನಗೆಯಲ್ಲಿ ಸೇರಿಕೊಳ್ಳುವುದೇ ನನಗೆ ಸೋಜಿಗ!

ವಾಹನ ಮಾಡುವವರು ಶೌಚವನ್ನು ಮರೆಯುವುದು ಹಳೆಯ ಚಾಳಿ. ನಮ್ಮ ದೇಶದಲ್ಲಿ ಪ್ರಯಾಣಿಕರ ರೈಲು ಓಡಲಾರಂಭಿಸಿದ್ದು 1853ರಲ್ಲಿ. 1909ರಲ್ಲಿ ಓಖಿಲ್ ಚಂದ್ರ ಸೇನ ಎಂಬ ಪ್ರಯಾಣಿಕ ಸಾಹಿಬಗಂಜದ ರೈಲ್ವೆ ಕಚೇರಿಗೆ ದೂರು ಬರೆದ. ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟು, ನಿಲ್ದಾಣದಲ್ಲಿ ಚೊಂಬು ಹಿಡಿದು ಇಳಿದಿದ್ದಾಗ ಗಾರ್ಡು ಸೀಟಿ ಊದಿ ರೈಲು ಬಿಟ್ಟ ಕಥೆ ಅದು. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಧೋತರ ಹಿಡಿದು ಓಡಿ, ಎಲ್ಲರೆದುರು ಬಿದ್ದನಂತೆ. ಆ ಪತ್ರವನ್ನು ದಿಲ್ಲಿಯ ರೈಲು ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಡಬ್ಬಿಗಳಲ್ಲಿ ಶೌಚಗೃಹ ಬರಲು ಅದೇ ಕಾರಣವೆಂದು ಹೇಳುತ್ತಾರೆ. ಓದಿದವರೆಲ್ಲ ನಗುತ್ತಾರೆ. ಆದರೆ ಆತ ಗಂಡಸಾದ್ದರಿಂದ ಬಿದ್ದುದನ್ನು ಬರೆದು ಕೊಟ್ಟ. ಅದಕ್ಕೂ ಹಿಂದಿನ ಐವತ್ತಾರು ವರ್ಷಗಳಲ್ಲಿ ಬಿದ್ದ ಹೆಂಗಸರು ಎಷ್ಟು ಮಂದಿಯೋ, ಯಾರು ಬರೆದರು?

ಇನ್ನೊಂದು ಉದಾಹರಣೆ. 1982ರಲ್ಲಿ ತೆಲುಗು ದೇಶಂ ಪಕ್ಷ ಕಟ್ಟಿದ ಎನ್.ಟಿ. ರಾಮರಾಯರು ಹಳೆಯ ಷೆವ್ರೊಲೆ ವ್ಯಾನೊಂದನ್ನು 'ಚೈತನ್ಯ ರಥ'ವನ್ನಾಗಿ ಮಾಡಿಕೊಂಡು ಆಂಧ್ರವನ್ನೆಲ್ಲ ಸುತ್ತಿದರು. ಅದೂ ಒಂದು ಬಗೆಯ ಮನೆಗಾಡಿಯೇ. ಅವರು ರಸ್ತೆಯ ಬದಿಯಲ್ಲೇ ಸ್ನಾನ ಮಾಡುತ್ತಿದ್ದುದು ಜನರಿಗೆ ಸರಳತೆಯಾಗಿ ಕಂಡಿತು. ಒಬ್ಬ ಮಹಿಳಾ ನಾಯಕಿ ಹಾಗೆ ಮಾಡಬಲ್ಲಳೇ? ಹಿಂದಿ ಚಿತ್ರರಂಗದಲ್ಲಿ ನಟಿಯರು ಹೊರಾಂಗಣ ಚಿತ್ರೀಕರಣದಲ್ಲಿ ಗಿಡಮರಗಳ ಮರೆಯಲ್ಲಿ ಬಟ್ಟೆ ಬದಲಿಸಬೇಕಾಗಿದ್ದ ಕಾಲವಿತ್ತು. ಶೌಚಗೃಹವಿರುವ ವ್ಯಾನಿಟಿ ವ್ಯಾನನ್ನು ಅಲ್ಲಿ ರೂಢಿಗೆ ತಂದ ಹೆಸರು ನಟಿ ಪೂನಂ ಧಿಲ್ಲೋನರದು. ತಂದವರು ಒಬ್ಬ ಹೆಂಗಸು ಎಂಬುದನ್ನು ಗಮನಿಸಿ. ನಾಯಕ ನಟರಿಗೆ ಅಷ್ಟು ವರ್ಷ ಅದರ ಕೊರತೆಯೇ ಕಂಡಿರಲಿಲ್ಲವೋ ಏನೋ.

ಇದು ನಮ್ಮವರ ದೋಷ ಮಾತ್ರವೂ ಅಲ್ಲ. ಮನೆಗಾಡಿಗಳ ತವರಾದ ಯುರೋಪಿನಲ್ಲಿ 'ಮೋಟಾರ್ ಕ್ಯಾರವಾನ್' ಎನ್ನಿಸಿಕೊಳ್ಳಲು ವಾಹನದಲ್ಲಿ ಏನೇನಿರಬೇಕೆಂದು ಕಾಯಿದೆಯೇ ಹೇಳುತ್ತದೆ: ಆಸನ ಮತ್ತು ಮೇಜು, ಮಲಗುವ ವ್ಯವಸ್ಥೆ, ಅಡುಗೆಯ ಸಲಕರಣೆ, ಸಾಮಾನು ಇಡುವ ಕಪಾಟು. ಈ ನಾಲ್ಕು ಇದ್ದರೆ ಸಾಕು. ಶೌಚಗೃಹದ ಮಾತೇ ಇಲ್ಲ! ಉಣ್ಣುವುದು, ಮಲಗುವುದು, ಗಂಟು ಕಟ್ಟುವುದು ಮನುಷ್ಯನ ಅಗತ್ಯ. ಉಂಡದ್ದು ಏನಾಗಬೇಕೆಂಬುದು ಮಾತ್ರ ಕಾಯಿದೆ ಬರೆದವರ ಲಕ್ಷ್ಯಕ್ಕೆ ಬರಲಿಲ್ಲ. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನುಗಳನ್ನು ಮನೆಗಾಡಿಯಾಗಿ ಮಾರ್ಪಡಿಸಲು ಆರಂಭಿಸಿತು. ಇಂದಿಗೂ ಅದೇ ವಂಶದ ಸುಮಾರು ಐದು ಮೀಟರಿನ 'ಕ್ಯಾಲಿಫೋರ್ನಿಯಾ' ಮಾದರಿಯಲ್ಲಿ ಬಚ್ಚಲಿಲ್ಲ. ಬಚ್ಚಲು ಬೇಕೆಂದರೆ ಆರು ಮೀಟರಿನ 'ಗ್ರ್ಯಾಂಡ್ ಕ್ಯಾಲಿಫೋರ್ನಿಯಾ'ಕ್ಕೆ ಹೋಗಬೇಕು. ಅಲ್ಲಿಯವರಿಗಾದರೋ ಸುಸಜ್ಜಿತ ಶಿಬಿರತಾಣಗಳಿವೆ, ಅಲ್ಲಿ ಬಿಸಿನೀರಿನ ಸ್ನಾನಗೃಹಗಳಿವೆ. ಅವರ ಗಾಡಿಯಲ್ಲಿ ಬಚ್ಚಲಿಲ್ಲದಿದ್ದರೂ ನಡೆದೀತು. ಅವರ ನಕ್ಷೆಯನ್ನು ತಂದು ಅಥಣಿಯಿಂದ ಪಂಢರಪುರದ ದಾರಿಗೆ ಹಚ್ಚಿದರೆ ನಡೆಯುವುದಿಲ್ಲ. ಮಹಾರಾಷ್ಟ್ರ, ಕೇರಳ ಸರಕಾರಗಳು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕಾಗಿಯೇ ನೀತಿಗಳನ್ನು ಪ್ರಕಟಿಸಿದವು, ಸಂತೋಷ. ಆದರೆ ಗಡಿಯ ಆಚೆಯ ನೀತಿಯನ್ನು ನಂಬಿ ಈಚೆಯವರು ನೀರು ಕುಡಿದು ಹೊರಡಲಾದೀತೇ?

ಈ ವಾದ ನನ್ನ ಮನೆಯೊಳಗೇ ನಡೆಯಿತು. ನನ್ನ ಮೈದುನರು ಹಳೆಯ ಟ್ರಾವೆಲರ್ ವ್ಯಾನೊಂದನ್ನು ಕೊಂಡು ಮಾರ್ಪಡಿಸುವ ಯೋಚನೆಯಲ್ಲಿದ್ದಾರೆ. ವಾಹನಗಳಿಗೆ ಬಾಡಿ ಕಟ್ಟುವ ಗ್ಯಾರೇಜೊಂದರಿಂದ ನಕ್ಷೆ ಬರೆಸಿ ತಂದರು. ಎರಡು ಜೋಡಿ ಹಾಸಿಗೆ, ನಾಲ್ಕು ಅಡಿಯ ಅಡುಗೆ ಕಟ್ಟೆ, ಮೂವತ್ತೆರಡು ಇಂಚಿನ ಟಿ.ವಿ., ಫ್ರಿಜ್ಜು, ಬಟ್ಟೆಯ ಕಪಾಟು. ದೇವರ ಮಂಟಪಕ್ಕೂ ಜಾಗವಿತ್ತು. ನನ್ನ ನೆಗೆಣ್ಣಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಏನೂ ಅನ್ನಲಿಲ್ಲ. ಅವಳಿಗೆ ಎರಡೂ ಮೊಣಕಾಲು ನೋವು, ಕುಕ್ಕರುಗಾಲಿನಲ್ಲಿ ಕೂರಲಾರಳು. ಕಳೆದ ಕೆಲವು ವರ್ಷಗಳಿಂದ ಅವಳು ಎಲ್ಲಮ್ಮನ ಗುಡ್ಡಕ್ಕೂ ಬರುತ್ತಿಲ್ಲ, ನೆಂಟರ ಮದುವೆಗೂ ಬರುತ್ತಿಲ್ಲ. ಕೇಳಿದರೆ, "ನನಗ ಆಗೂದಿಲ್ಲ ಬಿಡ್ರಿ, ನೀವು ಹೋಗಿ ಬರ್ರಿ" ಎನ್ನುತ್ತಾಳೆ. ಏನು ಆಗುವುದಿಲ್ಲವೆಂದು ಮನೆಯ ಗಂಡಸರು ಯಾರೂ ಕೇಳಿಲ್ಲ.

"ಬಚ್ಚಲ ಎಲ್ಲೈತಿ?" ಎಂದೆ.

"ವೈನಿ, ಗಾಡಿ ಸಣ್ಣದರೀ. ಬಚ್ಚಲ ಮಾಡಿದ್ರ ಮಲಗಾಕ ಜಾಗಾ ಎಲ್ಲಿ ಉಳಿತೈತಿ?"

ಇದು ಗಣಿತದ ಪ್ರಶ್ನೆ. ಗಣಿತದಿಂದಲೇ ಉತ್ತರ ಹೇಳೋಣ. ಚಾಲಕನ ಸೀಟಿನ ಹಿಂದೆ ಹನ್ನೊಂದೂವರೆ ಅಡಿ ಉದ್ದ, ಐದೂವರೆ ಅಡಿ ಅಗಲ ಸಿಕ್ಕಿತೆನ್ನಿ. ಸುಮಾರು ಅರವತ್ತಮೂರು ಚದರಡಿ. ಇಬ್ಬರ ಹಾಸಿಗೆ ಆರು ಅಡಿಗೆ ನಾಲ್ಕು ಅಡಿ, ಇಪ್ಪತ್ತನಾಲ್ಕು ಚದರಡಿ. ಕೂತು ಶೌಚ ಮಾಡಲು, ಅಲ್ಲೇ ನಿಂತು ಮೈಮೇಲೆ ನೀರು ಹಾಕಿಕೊಳ್ಳಲು ಬೇಕಾದ ಕೋಣೆ ಎರಡೂವರೆ ಅಡಿಗೆ ಮೂರು ಅಡಿ, ಏಳೂವರೆ ಚದರಡಿ. ಅಂದರೆ ಒಟ್ಟು ನೆಲದ ಎಂಟನೆಯ ಒಂದು ಪಾಲೂ ಪೂರ್ತಿ ಆಗಲಿಲ್ಲ. ಮೈದುನರ ನಕ್ಷೆಯಲ್ಲಿ ಎರಡನೆಯ ಜೋಡಿ ಹಾಸಿಗೆಯೊಂದೇ ಇದರ ಮೂರು ಪಟ್ಟು ಜಾಗ ನುಂಗಿತ್ತು. ಅದರ ಮೇಲೆ ಮಲಗುವವರು ಯಾರು? ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಬರುವ ಮಗ ಸೊಸೆ, ಅದೂ ಬಂದರೆ. ಒಂದು ರಾತ್ರಿಯ ಅತಿಥಿಗಾಗಿ ಮುನ್ನೂರರವತ್ತನಾಲ್ಕು ದಿನ ಮನೆಯೊಡತಿ ಹೊಟ್ಟೆ ಹಿಡಿದುಕೊಂಡಿರಬೇಕೇ?

ಗಾಡಿಯ ಅಳತೆಯ ಬಗ್ಗೆ ಎರಡು ಮಾತು. ಮಾರುತಿ ಈಕೋದಂಥ ಗಾಡಿ ಸುಮಾರು 3.7 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ. ಒಳಗೆ ನೆಟ್ಟಗೆ ನಿಲ್ಲಲಾಗದು. ಅದರಲ್ಲಿ ಬಚ್ಚಲು ಮಾಡಿಕೊಡುತ್ತೇವೆನ್ನುವವರನ್ನು ನಂಬಬೇಡಿ. ಬಸ್ಸಿನಷ್ಟು ದೊಡ್ಡದು ತಂದರೆ ಸಂತೆಯ ದಿನ ನಮ್ಮ ಊರುಗಳ ಬೀದಿಯಲ್ಲಿ, ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ನಡುವೆ ಸಿಕ್ಕಿ ಒದ್ದಾಡಬೇಕು. ಒಳಗೆ ಎದ್ದು ನಿಲ್ಲಬಹುದಾದ ಮಾಳಿಗೆ, ಐದೂವರೆಯಿಂದ ಆರು ಮೀಟರ್ ಉದ್ದ: ನಮ್ಮ ರಸ್ತೆಗೂ ನಮ್ಮ ಶರೀರಕ್ಕೂ ಒಪ್ಪುವ ಗಾಡಿ ಇದು. ಯುರೋಪಿನಲ್ಲಿ ಫಿಯಾಟ್ ಡುಕಾಟೊ ವ್ಯಾನಿನ 5.41 ಮತ್ತು 5.99 ಮೀಟರಿನ ಮಾದರಿಗಳಲ್ಲಿ ಹಾಸಿಗೆ, ಒಲೆ, ಬಚ್ಚಲು ಮೂರನ್ನೂ ಕೂಡಿಸಿ ದಶಕಗಳಿಂದ ಮಾಡುತ್ತಿದ್ದಾರೆ. ಜಾಗವಿಲ್ಲವೆಂಬ ನೆಪಕ್ಕೆ ಅಲ್ಲಿಯೇ ಉತ್ತರವಿದೆ.

ಇನ್ನು ಬಚ್ಚಲು ಎಲ್ಲಿರಬೇಕು? ಕೆಲವು ನಕ್ಷೆಗಳಲ್ಲಿ ಹಾಸಿಗೆಯ ಆಚೆಗೆ, ಕಟ್ಟಕಡೆಯ ಮೂಲೆಯಲ್ಲಿ ಇಡುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದವರು ಮಲಗಿದವರನ್ನು ದಾಟಿ ಹೋಗಬೇಕು. ಇದು ಕೂಡದು. ವ್ಯಾನಿನ ನಡುಭಾಗದಲ್ಲಿ, ಸರಿಯುವ ಬಾಗಿಲಿಗೆ ಎದುರಾಗಿ ಇರಲಿ. ಹೊರಗಿನಿಂದ ಬಂದವರಿಗೂ, ಹಾಸಿಗೆಯಿಂದ ಎದ್ದವರಿಗೂ ನಾಲ್ಕು ಹೆಜ್ಜೆಯೊಳಗೆ ಸಿಕ್ಕಬೇಕು. ಗೋಡೆಗೆ ಎರಡು ಗಟ್ಟಿ ಹಿಡಿಕೆಗಳಿರಲಿ, ತೆಳು ತಗಡಿಗೆ ಹಚ್ಚಿದ ಟವೆಲ್ ಕಂಬಿಯಲ್ಲ, ಒಳಚೌಕಟ್ಟಿಗೆ ಬೋಲ್ಟು ಹಾಕಿದ್ದು. ಕಮೋಡಿನ ಎತ್ತರ ಮನೆಯದರಷ್ಟೇ ಇರಲಿ. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಕುಸಿದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗದು. ಗಾಡಿ ನಿಂತ ನೆಲ ಯಾವಾಗಲೂ ಸಮವಾಗಿರುವುದಿಲ್ಲವಾದ್ದರಿಂದ ನೀರು ಹೋಗುವ ರಂಧ್ರ ಒಂದಲ್ಲ, ಎರಡು, ಎದುರುಬದುರು ಮೂಲೆಗಳಲ್ಲಿ. ಮಾಳಿಗೆಯಲ್ಲಿ ಗಾಳಿ ಹೊರದೂಡುವ ಪುಟ್ಟ ಫ್ಯಾನು. ನೀರಿನ ತೊಟ್ಟಿ ಹಿಂದಿನ ಅಚ್ಚಿಗಿಂತ ಮುಂದೆ, ನೆಲಮಟ್ಟದಲ್ಲಿ ಇರಲಿ. ಲೀಟರಿಗೊಂದು ಕಿಲೋ ಭಾರ. ಎಂಬತ್ತು ಲೀಟರು ಹಿಂಭಾಗದಲ್ಲಿ ತೂಗಾಡಿದರೆ ನಿಪ್ಪಾಣಿಯ ಬಳಿಯ ತವಂದಿ ಘಾಟಿನಲ್ಲಿ ಗಾಡಿ ನಿಮ್ಮ ಮಾತು ಕೇಳಲಿಕ್ಕಿಲ್ಲ.

ಒಲೆಯ ಗತಿಯೇನು ಅಂದಿರಾ? ಒಲೆ ಹೊರಗೆ ಹೋಗಲಿ. ಬಾಗಿಲ ಬಳಿ ಭದ್ರವಾಗಿ ಕೂರಿಸಿದ ಒಂದು ಸಣ್ಣ ಒಲೆ ಚಹಾಕ್ಕೆ ಸಾಕು. ನಿಜವಾದ ಅಡುಗೆಗೆ ಹಿಂಬಾಗಿಲು ತೆರೆದು ಹೊರಕ್ಕೆ ಎಳೆಯುವ ಹಲಗೆ ಮಾಡಿಸಿ, ಐದು ಕಿಲೋ ಸಿಲಿಂಡರಿನ ಒಲೆಯನ್ನು ಅದರ ಮೇಲಿಟ್ಟುಕೊಳ್ಳಿ. ನಮ್ಮ ಅಡುಗೆಯೆಂದರೆ ಒಗ್ಗರಣೆ, ಹಸಿ ಮೆಣಸಿನಕಾಯಿಯ ಘಾಟು, ರೊಟ್ಟಿಯ ಹೊಗೆ. ಇದನ್ನು ಹಾಸಿಗೆಯ ಮಗ್ಗುಲಿಗೆ ತಂದಿಡುವುದು ಚಪಾತಿಯನ್ನೇ ತಟ್ಟದ ಜನ ಬರೆದ ನಕ್ಷೆಯ ಕುರುಡು ಅನುಕರಣೆ. ನಮ್ಮ ಅಜ್ಜಿಯರು ಚಕ್ಕಡಿಯಿಂದ ಇಳಿದು ಮೂರು ಕಲ್ಲು ಹೂಡಿದಾಗ ಅವರಿಗೆ ಯಾವ ಕೊರತೆಯೂ ಆಗಿರಲಿಲ್ಲ. ಬಯಲಲ್ಲಿ ಅಡುಗೆ ಮಾಡುವುದು ನಾಚಿಕೆಯಲ್ಲ. ಮರೆಯಾಗಿ ಮಾಡಬೇಕಾದ ಕೆಲಸವನ್ನು ಬಯಲಿಗೆ ದೂಡಿ, ಬಯಲಲ್ಲಿ ಮಾಡಬಹುದಾದ್ದನ್ನು ಒಳಗೆ ತಂದಿಟ್ಟುಕೊಂಡಿರುವ ಈ ಜಾಣತನ ಯಾರದೋ!

ಮಡಿಯ ಆಕ್ಷೇಪವೂ ಬಂತು. ಉಣ್ಣುವ, ಮಲಗುವ ಜಾಗದಲ್ಲೇ ಸಂಡಾಸವೇ? ಮಂಟಪದಲ್ಲಿ ದೇವರಿದ್ದಾನಲ್ಲ? ನಮ್ಮ ಮನೆಗಳಲ್ಲಿ ಮೊದಲು ಹಿತ್ತಲಿನಾಚೆ ಇದ್ದದ್ದು ಹಿತ್ತಲಿಗೆ ಬಂತು, ಹಿತ್ತಲಿನಿಂದ ಪಡಸಾಲೆಯ ಪಕ್ಕಕ್ಕೆ ಬಂತು, ಈಗ ಮಲಗುವ ಕೋಣೆಗೇ ಅಂಟಿಕೊಂಡಿದೆ. 'ಅಟ್ಯಾಚ್ಡ್' ಇಲ್ಲದ ಮನೆಗೆ ಹೆಣ್ಣು ಕೊಡುವುದಿಲ್ಲವೆನ್ನುವ ಕಾಲ. ಇಟ್ಟಿಗೆಯ ಮನೆಗೆ ತಗಲದ ಮೈಲಿಗೆ ತಗಡಿನ ಮನೆಗೆ ಹೇಗೆ ತಗಲುತ್ತದೆ? ವಾಸನೆಯ ಹೆದರಿಕೆಯಾದರೆ ಅದು ಮಡಿಯ ಪ್ರಶ್ನೆಯಲ್ಲ, ಗಾಳಿ ಮತ್ತು ನೀರಿನ ಪ್ರಶ್ನೆ.

ಈ ನೀರಿನ ಲೆಕ್ಕದಲ್ಲಿ ಮಾತ್ರ ನಾವು ಪರದೇಶದ ಪುಸ್ತಿಕೆಗಳನ್ನು ನಂಬಬಾರದು. ಮನೆಗಾಡಿಗಳಲ್ಲಿ ಬಳಸುವ ಕ್ಯಾಸೆಟ್ ಶೌಚಪೆಟ್ಟಿಗೆ, ಅಂದರೆ ಹೊರಗಿನ ಸಣ್ಣ ಬಾಗಿಲಿನಿಂದ ಎಳೆದು ತೆಗೆಯಬಹುದಾದ ತೊಟ್ಟಿ, ಸುಮಾರು ಹದಿನೆಂಟರಿಂದ ಇಪ್ಪತ್ತು ಲೀಟರ್ ಹಿಡಿಸುತ್ತದೆ. ಇಬ್ಬರಿಗೆ ಎರಡು ಮೂರು ದಿನ ಬರುತ್ತದೆಂದು ಬರೆದಿರುತ್ತಾರೆ. ಅದು ಕಾಗದ ಬಳಸುವವರ ಲೆಕ್ಕ. ನಾವು ನೀರು ಬಳಸುವವರು. ಒಂದು ಸಲಕ್ಕೆ ತೊಳೆಯಲು ಒಂದು ಲೀಟರ್, ಪೆಟ್ಟಿಗೆಗೆ ಹಾಯಿಸಲು ಅರ್ಧ ಲೀಟರ್, ಶರೀರದ್ದು ಒಂದು ಪಾವು ಹೆಚ್ಚುಕಡಿಮೆ. ಇಬ್ಬರು ಸೇರಿ ದಿನಕ್ಕೆ ಹತ್ತು ಸಲ ಹೋದರೆ ಒಂದೇ ದಿನಕ್ಕೆ ತುಂಬಿತು. ಆದ್ದರಿಂದ ಕೊಳ್ಳುವಾಗಲೇ ಹೆಚ್ಚಿನ ತೊಟ್ಟಿಯೊಂದನ್ನು ಕೊಂಡಿರಬೇಕು. ಗಾಡಿಯ ಅಡಿಯಲ್ಲಿ ದೊಡ್ಡದೊಂದು ಕಾಯಂ ತೊಟ್ಟಿ ಹಾಕಿಸಿದರಾಯಿತಲ್ಲ ಎನ್ನುವವರಿದ್ದಾರೆ. ಅದನ್ನು ಬರಿದು ಮಾಡಲು ಗಾಡಿಯನ್ನೇ ಒಯ್ಯುವಂಥ ವ್ಯವಸ್ಥೆ ಬೇಕು. ಎಳೆದು ತೆಗೆಯುವ ತೊಟ್ಟಿಯನ್ನಾದರೆ ಯಾವ ಮನೆಯ ಸಂಡಾಸಿನಲ್ಲೂ, ಛತ್ರದ ಸಂಡಾಸಿನಲ್ಲೂ ಕೇಳಿಕೊಂಡು ಸುರಿಯಬಹುದು. ಸೆಪ್ಟಿಕ್ ಟ್ಯಾಂಕಿಗೆ ಸುರಿಯುವುದಾದ್ದರಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕಟು ರಾಸಾಯನಿಕ ಬೇಡ. ಕೃಷ್ಣೆಗೋ ಕಾಲುವೆಗೋ ಸುರಿದು ಕೈತೊಳೆದುಕೊಳ್ಳುವ ಯೋಚನೆ ಯಾರಿಗಾದರೂ ಇದ್ದರೆ ಅವರು ಈ ಗಾಡಿಯನ್ನು ಕೊಳ್ಳುವುದೇ ಬೇಡ.

ಸುರಿಯುವವರು ಯಾರು? ಇದನ್ನು ನಾನು ಮೈದುನರಿಗೆ ಕೇಳಿದಾಗ, "ಡ್ರೈವರ್ ಹುಡುಗ ಇರ್ತಾನಲ್ರೀ" ಎಂದರು. ಇಲ್ಲ. ಡ್ರೈವರ್ ಗಾಡಿ ನಡೆಸಲು ಬಂದವನು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ ದೇಶದ ಸಂಸತ್ತು 1993ರಲ್ಲಿ ಒಮ್ಮೆ, ಸಾಲದೆಂದು 2013ರಲ್ಲಿ ಇನ್ನೊಮ್ಮೆ ಕಾಯಿದೆ ಮಾಡಿದೆ. ಅಷ್ಟಾದ ಮೇಲೂ ಬಡವನ ಮಗನೊಬ್ಬನ ಕೈಗೆ ಆ ಪೆಟ್ಟಿಗೆ ಕೊಟ್ಟು, ನಾವು ದೇವರ ದರ್ಶನಕ್ಕೆ ನಿಲ್ಲುವುದೇ? ಯಾರ ಪೆಟ್ಟಿಗೆಯೋ ಅವರೇ ಹೊರಬೇಕು. ಇಪ್ಪತ್ತು ಕಿಲೋ ಭಾರ ಎತ್ತಲು ನನ್ನ ನೆಗೆಣ್ಣಿಗೆ ಆಗದು. ಮೈದುನರಿಗೆ ಆಗುತ್ತದೆ, ಹಿಟ್ಟಿನ ಗಿರಣಿಗೆ ಜೋಳದ ಚೀಲ ಹೊತ್ತವರು ಅವರು. ತುಂಬುವ ತನಕ ಕಾಯದೆ ಅರ್ಧಕ್ಕೇ ಒಯ್ದರೆ ಇನ್ನೂ ಹಗುರ. ಇದನ್ನು ಒಪ್ಪದ ಗಂಡಸರಿಗೆ ಪೆಟ್ರೋಲ್ ಪಂಪೇ ಸರಿ, ಆದರೆ ಹೆಂಡತಿಯನ್ನು ಪ್ರವಾಸಕ್ಕೆ ಕರೆಯುವ ನಾಟಕ ಮಾಡಬೇಡಿ.

"ಇದೆಲ್ಲ ರೊಕ್ಕ ಇದ್ದವರ ಚಿಂತಿ ಬಿಡ್ರಿ ಅಕ್ಕೋರ" ಎಂದು ಒಬ್ಬ ಹಳೆಯ ವಿದ್ಯಾರ್ಥಿ ಹೇಳಿದ. ಅವನ ಮಾತಿನಲ್ಲಿ ಹುರುಳಿದೆ. ನಮ್ಮ ಐದೂ ತಾಲೂಕುಗಳ ಸಕ್ಕರೆ ಕಾರಖಾನೆಗಳಿಗೆ ದಸರೆಯ ನಂತರ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಸಂಸಾರ, ಹೊಲದಂಚಿನಲ್ಲಿ ತಾಡಪತ್ರಿಯ ಗುಡಿಸಲು. ನಿಜವಾದ ಮನೆಗಾಡಿಗಳು ಅವರವೇ. ಗಡಿಯಾಚೆಯ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಗರ್ಭಕೋಶ ತೆಗೆಸಿಕೊಳ್ಳುತ್ತಿರುವ ಸುದ್ದಿ 2019ರಲ್ಲಿ ದೇಶವನ್ನೇ ಬೆಚ್ಚಿಬೀಳಿಸಿತು. ನೀರಿಲ್ಲ, ಮರೆಯಿಲ್ಲ, ತಿಂಗಳ ದಿನಗಳಲ್ಲೂ ವಿರಾಮವಿಲ್ಲ ಎಂಬ ಬದುಕಿನಿಂದ ಹುಟ್ಟಿದ ಸಂಕಟ ಅದು. ಅವರಿಗೆ ಮೊದಲು ಆಗಲಿ, ಆಮೇಲೆ ನಮಗೆ ಎಂದರೆ ನಾನು ಸಂತೋಷದಿಂದ ಹಿಂದೆ ನಿಲ್ಲುತ್ತೇನೆ. ಆದರೆ ವಸ್ತುಸ್ಥಿತಿ ಹಾಗಿಲ್ಲ. ನಮ್ಮದೂ ಆಗಿಲ್ಲ, ಅವರದೂ ಆಗಿಲ್ಲ. ಎರಡೂವರೆ ಅಡಿಗೆ ಮೂರು ಅಡಿಯಲ್ಲಿ ಸೋರದ, ನಾರದ ಬಚ್ಚಲು ಕಟ್ಟುವುದನ್ನು ನಮ್ಮ ಸೀಮೆಯ ಗ್ಯಾರೇಜಿನವರು ಒಮ್ಮೆ ಕಲಿತರೆ, ಅದನ್ನೇ ಟ್ರೇಲರಿನ ಮೇಲೂ ಕೂರಿಸಬಲ್ಲರು. ಆಗ ಕಾರಖಾನೆಯ ಆಡಳಿತದವರು ಆಗದೆಂದು ಹೇಳಲು ಬಾಯಿರುವುದಿಲ್ಲ.

ಅಷ್ಟು ಹಣವಿಲ್ಲದವರಿಗೆ ಇನ್ನೊಂದು ದಾರಿಯಿದೆ. ಸೀಟಿನ ಕೆಳಗೆ ಇಡಬಹುದಾದ, ಎತ್ತಿ ಒಯ್ಯಬಹುದಾದ ಶೌಚಪೆಟ್ಟಿಗೆಗಳು ಸಿಗುತ್ತವೆ; ಮೇಲೆ ಶುದ್ಧ ನೀರಿನ ತೊಟ್ಟಿ, ಕೆಳಗೆ ಮಲಿನದ ತೊಟ್ಟಿ, ನಡುವೆ ಮುಚ್ಚಳ. ಅದರ ಜೊತೆಗೆ ಹಿಂಬಾಗಿಲಿಗೆ ಕಟ್ಟುವ ದಪ್ಪ ಬಟ್ಟೆಯ ಡೇರೆ. ಈಕೋದಂಥ ಗಾಡಿಯಲ್ಲೂ ಇದು ಸಾಧ್ಯ. ಟಿ.ವಿ. ಇರುವ, ಬಚ್ಚಲಿಲ್ಲದ ದೊಡ್ಡ ಗಾಡಿಗಿಂತ ಇದು ಎಷ್ಟೋ ಪಾಲು ಮೇಲು.

ಕಾಯಿದೆಯ ಮಾತನ್ನು ಗ್ಯಾರೇಜಿನವರ ಬಾಯಿಂದ ಕೇಳಿ ಸುಮ್ಮನಿರಬೇಡಿ. ನೋಂದಣಿಯಾದ ವಾಹನದ ರಚನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಕಟ್ಟುಪಾಡಿದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿದೆ. ಕ್ಯಾರವಾನುಗಳಿಗೆ ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನದಂಡವೂ ಇದೆ. ಅದರಂತೆ ಮಂಜೂರಾದ ಗಾಡಿಯನ್ನು ಕೊಳ್ಳುವುದು ಉತ್ತಮ. ಮಾರ್ಪಡಿಸುವುದೇ ಆದರೆ ನಕ್ಷೆ ಹಿಡಿದುಕೊಂಡು ಮೊದಲು ಚಿಕ್ಕೋಡಿಯ ಆರ್.ಟಿ.ಓ. ಕಚೇರಿಗೆ ಹೋಗಿ, ಗ್ಯಾರೇಜಿಗೆ ಆಮೇಲೆ. ಇಲ್ಲದಿದ್ದರೆ ಅಪಘಾತವಾದ ದಿನ ವಿಮೆಯವರು ಕೈ ಎತ್ತಿಬಿಡಬಹುದು.

ಗ್ಯಾರೇಜಿಗೆ ಹೋಗುವ ದಿನ ಮನೆಯ ಹೆಂಗಸರನ್ನು ಕರೆದುಕೊಂಡು ಹೋಗಬೇಕು. ಒಂದು ಟೇಪು, ಒಂದು ತುಂಡು ಸುಣ್ಣದ ಕಡ್ಡಿ, ಮನೆಯ ಕಮೋಡಿನಷ್ಟೇ ಎತ್ತರದ ಒಂದು ಸ್ಟೂಲು ಸಾಕು. ವ್ಯಾನಿನ ನೆಲದ ಮೇಲೆ ಬಚ್ಚಲಿನ ಗೆರೆ ಎಳೆದು, ಸ್ಟೂಲಿಟ್ಟು, ನಾಲ್ಕೂ ಕಡೆ ರಟ್ಟು ನಿಲ್ಲಿಸಿ, ಅವರು ಸೀರೆಯುಟ್ಟುಕೊಂಡೇ ಅಲ್ಲಿ ಕೂತು ಏಳಬೇಕು, ತಿರುಗಬೇಕು, ಬಗ್ಗಿ ಚೊಂಬು ಎತ್ತಬೇಕು. ಕೈ ಎಲ್ಲಿ ಆಸರೆ ಹುಡುಕುತ್ತದೋ ಅಲ್ಲಿ ಗುರುತು ಹಾಕಿ, ಹಿಡಿಕೆ ಅಲ್ಲಿಗೇ ಬರಲಿ. ಇಷ್ಟಾದ ಮೇಲೆ ಹಾಸಿಗೆಯ ಗೆರೆ ಎಳೆಯಿರಿ. ಮುಂಗಡ ಹಣವನ್ನು ಅಲ್ಲಿಯವರೆಗೆ ಕಿಸೆಯಲ್ಲೇ ಇಟ್ಟುಕೊಂಡಿರಿ.